ಕೊಳ್ಳುವುದೋ, ಜೋಡಿಸುವುದೋ

ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಇಡೀ ಬದುಕಿನಲ್ಲಿ ಪೂರ್ತಿ ತಯಾರಾದದ್ದು ಅಂತ ಮನೆಗೆ ತಂದದ್ದು ಒಂದನ್ನೇ: ನಮ್ಮಕ್ಕನನ್ನು. ಆ ಸಂಬಂಧವನ್ನೂ ಅವರ ತಾಯಿ ಜೋಡಿಸಿಕೊಟ್ಟಿದ್ದರಿಂದ ಭಾವನಿಗೆ ಕೈಯಾಡಿಸಲು ಅವಕಾಶ ಸಿಗಲಿಲ್ಲ. "ನಾನೇ ಜೋಡಿಸಿದ್ದಿದ್ರೆ ಸೌಂಡ್ ಸ್ವಲ್ಪ ಕಮ್ಮಿ ಇರೋದು" ಎನ್ನುತ್ತಾರೆ ಅವರು. "ನೀವು ಜೋಡಿಸೋಕೆ ಕೂತಿದ್ರೆ ಮದುವೆ ಇನ್ನೂ ಗರಾಜಲ್ಲೇ ಇರ್ತಿತ್ತು" ಎನ್ನುತ್ತಾಳೆ ಅಕ್ಕ.

ಭಾವ ಅಮೆರಿಕದ ವಾರೆನ್ ಎಂಬ ಊರಿನಲ್ಲಿ ಮೂವತ್ತು ವರ್ಷ ಕಾರಿನ ಬಾಗಿಲುಗಳ ಎಂಜಿನಿಯರ್ ಆಗಿದ್ದವರು. ಬಾಗಿಲು ಮುಚ್ಚಿದಾಗ 'ಧಪ್' ಅನ್ನಬೇಕೇ ಹೊರತು 'ಟಣ್' ಅನ್ನಬಾರದು. ಅಷ್ಟಕ್ಕೇ ಅವರಿಗೆ ಸಂಬಳ. ಮನೆ ಪಕ್ಕದ ಊರು ಟ್ರಾಯ್‌ನಲ್ಲಿ. ಅಲ್ಲಿನ ಗರಾಜಿನಲ್ಲಿ ಕಾರಿಗೆ ಎಂದೂ ಜಾಗವಿರಲಿಲ್ಲ. ಅಂಗಡಿಯ ಗ್ರೈಂಡರ್ ಸರಿಯಿಲ್ಲವೆಂದು ಹಳೆಯ ಟ್ರೆಡ್‌ಮಿಲ್ಲಿನ ಮೋಟರಿಗೆ ಮೈಸೂರಿನಿಂದ ತಂದ ಕಲ್ಲು ಕೂರಿಸಿ ತಾವೇ ಒಂದನ್ನು ಮಾಡಿದರು. ಹೇಗಿತ್ತು ಎಂದು ಕೇಳಿದೆ. "ಹಿಟ್ಟು ತುಂಬಾ ನುಣ್ಣಗಿತ್ತು ಕಣೆ, ಸೀಲಿಂಗಿಂದ ಕೆರ್ಕೊಂಡ್ವಿ" ಎಂದಳು ಅಕ್ಕ. ಮಗಳಿಗೆಂದು ತೊಟ್ಟಿಲು ಜೋಡಿಸಲು ಕೂತರು. ಅದು ಮುಗಿದ ದಿನ ಮಗಳೇ ನಡೆದುಬಂದು ಅದನ್ನು ತೂಗಿ ನೋಡಿದಳು.

ಇಂಥವರು ನಿವೃತ್ತರಾದ ಮೂರು ತಿಂಗಳಿಗೆ ಗ್ಲೆಂಡೇಲ್ ಹೈಟ್ಸ್‌ನಲ್ಲಿರುವ ನನಗೆ ಫೋನ್ ಮಾಡಿದರು.

"ಒಂದು ರೈಫಲ್ ಬೇಕಿತ್ತು. ಕಂಪ್ಲೀಟ್ ಆಗಿರೋದು ತಗೊಳ್ಳೋದಾ, ಪಾರ್ಟ್ಸ್ ತರಿಸಿ ಜೋಡಿಸೋದಾ? ನೀನೇನಂತೀಯಾ?"

ಮನೆಗೆ ಬಂದ ಜೇಡವನ್ನು ಲೋಟದಲ್ಲಿ ಹಿಡಿದು ಪಕ್ಕದವರ ಲಾನಿಗೆ ಬಿಟ್ಟುಬರುವ ಮನುಷ್ಯ ಇವರು. ನನಗೆ ನಗು ತಡೆಯಲಾಗಲಿಲ್ಲ.

"ಯಾರನ್ನ ಹೊಡಿಯೋಕೆ ಭಾವ?"

"ಜಿಂಕೆ" ಎಂದರು. "ಬದನೆ ಗಿಡ ಎಲ್ಲಾ ತಿಂದ್ಹಾಕ್ತಿದೆ."

ಇದನ್ನು ನಾನು ನಾಲ್ಕು ಜನರಿಗೆ ಹೇಳಿ ನಗಿಸಿದೆ. ಭಾವನೂ ಕಮ್ಮಿಯಿಲ್ಲ, ಪರಿಚಯದವರಿಗೆಲ್ಲ ಫೋನ್ ಮಾಡಿ ಇದೇ ಪ್ರಶ್ನೆ ಕೇಳಿದ್ದರು. ಎಲ್ಲರದೂ ಒಂದೇ ಉತ್ತರ: ಸುಮ್ಮನೆ ತಗೊಂಡ್ಬಿಡಿ, ಈ ವಯಸ್ಸಲ್ಲಿ ಜೋಡಿಸೋ ಉಸಾಬರಿ ಯಾಕೆ? ಕೊನೆಗೆ ಅಕ್ಕನಿಗೂ ಫೋನ್ ಮಾಡಿ, ನಿಮ್ಮ ಜಿಂಕೆ ಹೇಗಿದೆ ಎಂದು ಕೇಳಿದೆ. ಅಕ್ಕ ನಗಲಿಲ್ಲ.

"ಯಾವ ಜಿಂಕೆ? ಈ ವರ್ಷ ಇವರು ಗಿಡಾನೇ ಹಾಕಿಲ್ಲ."

ಆ ಶನಿವಾರವೇ ಐದು ಗಂಟೆ ಡ್ರೈವ್ ಮಾಡಿಕೊಂಡು ಹೋದೆ. ನವೆಂಬರ್. ಮಧ್ಯಾಹ್ನವಾದರೂ ಮಂಜು ಕರಗಿರಲಿಲ್ಲ. ಬಡಾವಣೆಯ ಮನೆಗಳೆಲ್ಲ ಅರ್ಧ ಅಳಿಸಿದಂತೆ ಕಾಣುತ್ತಿದ್ದವು. ಭಾವನ ಮನೆಯ ಬಾಗಿಲು ತಳ್ಳಿದೆ, ಸದ್ದಾಗಲಿಲ್ಲ. ಇಪ್ಪತ್ತು ವರ್ಷ ಕಿರುಗುಟ್ಟಿ ಸ್ವಾಗತಿಸಿದ ಬಾಗಿಲು ಅದು. ಒಳಗೆ, ಹನ್ನೊಂದು ವರ್ಷ ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ಗಡಿಯಾರ ಗೋಡೆಯ ಮೇಲೆ ಸರಿಯಾದ ವೇಳೆ ತೋರಿಸುತ್ತಿತ್ತು. ಗರಾಜಿಗೆ ಹೋದೆ. ಅಲ್ಲಿ ಕಾರು ನಿಂತಿತ್ತು! ಅರೆಬರೆ ಕೆಲಸ ಒಂದೂ ಉಳಿದಿರಲಿಲ್ಲ. ನೆಲವನ್ನು ತೊಳೆದಿದ್ದರು.

"ಮೂರು ತಿಂಗಳಲ್ಲಿ ಎಲ್ಲಾ ಮುಗಿಸಿದ್ರು" ಎಂದಳು ಅಕ್ಕ ಪಿಸುದನಿಯಲ್ಲಿ. "ಎಷ್ಟು ವರ್ಷ ಬೈದಿದೀನಿ ಇದಕ್ಕೆ. ಈಗ ಮುಗಿದಿರೋದು ನೋಡಿದ್ರೆ ಯಾಕೋ ಕೈಕಾಲು ತಣ್ಣಗಾಗತ್ತೆ."

ಮನೆಯ ತುಂಬ ಚೀಟಿಗಳು. ಮನೆ ಬಿಸಿಮಾಡುವ ಫರ್ನೇಸಿನ ಮೇಲೆ, ನೀರಿನ ವಾಲ್ವಿನ ಮೇಲೆ, ಫ್ಯೂಸ್ ಬಾಕ್ಸಿನ ಮೇಲೆ, ಭಾವನ ಮುತ್ತಿನಂಥ ಅಕ್ಷರ: "ಚಳಿಗೆ ಮೊದಲು ಇದನ್ನು ಮುಚ್ಚು. ಬಲಕ್ಕೆ ಎರಡು ಸುತ್ತು. ಗಾಬರಿಯಾಗಬೇಡ." ಅಕ್ಕನಿಗೆ ಸ್ಕ್ರೂಡ್ರೈವರ್ ಮುಟ್ಟಲೂ ಬಿಡದವರು ಬರೆದದ್ದು ಇದು. ಟೋಸ್ಟರಿಗೂ ಒಂದು ಚೀಟಿ ಇತ್ತು. ಅದನ್ನು ಓದಿ ನಗಬೇಕೆಂದುಕೊಂಡೆ, ಆಗಲಿಲ್ಲ.

ಭಾವ ಜಾಕೆಟ್ ಹಾಕಿಕೊಂಡು ಬಂದರು. "ಬಂದ್ಯಾ? ಒಳ್ಳೇದಾಯ್ತು. ಅಂಗಡಿಗೆ ಹೋಗ್ತಿದೀನಿ, ನಡಿ."

ಬಂದೂಕಿನ ಅಂಗಡಿ ಹತ್ತು ಮೈಲಿ ದೂರ. ಭಾವನೇನೋ ಅಮೆರಿಕದ ಪ್ರಜೆ. ವೀಸಾದ ಮೇಲಿರುವ ನಾನು ಅಲ್ಲಿನ ಗಾಜನ್ನು ಮುಟ್ಟಲೂ ಹೆದರಿ, ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನಿಂತೆ. ಅಂಗಡಿಯವನು ಬಿಳಿಗಡ್ಡದ ದಪ್ಪ ಮನುಷ್ಯ. ಭಾವ ಅವನ ಮುಂದೆ ಇಂಗ್ಲಿಷಿನಲ್ಲಿ ಬರೆದ ಒಂದು ಹಾಳೆ ಬಿಡಿಸಿದರು. ಎಡಕ್ಕೆ 'ಕೊಳ್ಳುವುದು', ಬಲಕ್ಕೆ 'ಜೋಡಿಸುವುದು'. ಕೊಂಡರೆ ವಾರಂಟಿ ಇದೆ, ಕಾರ್ಖಾನೆಯಲ್ಲೇ ಪರೀಕ್ಷೆಯಾಗಿರುತ್ತದೆ. ಜೋಡಿಸಿದರೆ ಪ್ರತಿ ಭಾಗವೂ ನಮ್ಮ ಇಷ್ಟದ್ದು, ಆದರೆ ತಪ್ಪಿದರೆ ಹೊಣೆಯೂ ನಮ್ಮದೇ.

ಅಂಗಡಿಯವನು ಸಾವಕಾಶವಾಗಿ ಓದಿದ. ಒಂದು ರೈಫಲ್ ತೆಗೆದು ಮೇಜಿನ ಮೇಲಿಟ್ಟು ಇಂಗ್ಲಿಷಿನಲ್ಲಿ ಹೇಳಿದ: "ಮೊದಲನೆಯದನ್ನು ಕೊಂಡುಕೊಳ್ಳಿ ಸರ್. ಇದು ಏನು ಎತ್ತ ಅಂತ ಕಲಿಯಿರಿ. ಎರಡನೆಯದನ್ನು ಬೇಕಾದರೆ ಜೋಡಿಸಿಕೊಳ್ಳಿ."

"ಎರಡನೆಯದು ಇರೋದಿಲ್ಲ" ಎಂದರು ಭಾವ, ಅಷ್ಟೇ ಮೆತ್ತಗೆ.

ಅಂಗಡಿಯವನು ಅವರ ಮುಖವನ್ನೇ ನೋಡಿದ. ನಂತರ ನನ್ನನ್ನು ನೋಡಿದ. ರೈಫಲನ್ನು ಎತ್ತಿ ಮತ್ತೆ ಗೋಡೆಗೆ ಸಿಕ್ಕಿಸಿದ.

"ಇವತ್ತು ನಾನು ನಿಮಗೆ ಮಾರುವುದಿಲ್ಲ. ಸಿಟ್ಟಾಗಬೇಡಿ. ಇವರ ಜೊತೆ ಮನೆಗೆ ಹೋಗಿ."

ಭಾವ ಸಿಟ್ಟಾಗಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ಕಾರಿನಲ್ಲಿ ಕೂತು ಬಾಗಿಲು ಹಾಕಿದರು, ಆದರೆ ಸ್ಟಾರ್ಟ್ ಮಾಡಲಿಲ್ಲ. ಗಾಜಿನ ಆಚೆ ಮಂಜು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಇಷ್ಟು ವರ್ಷ ಅವರನ್ನು ಗೇಲಿ ಮಾಡಿಕೊಂಡೇ ಬಂದಿದ್ದೆ. ಈಗ ನೇರವಾಗಿ ಕೇಳಿದೆ.

"ಭಾವ, ಅದು ಜಿಂಕೆಗಲ್ಲ ಅಲ್ವಾ? ನಿಮಗೇ ಅಲ್ವಾ?"

ಭಾವ ಜೇಬಿನ ಹಾಳೆಯನ್ನು ತೆಗೆದು ತೊಡೆಯ ಮೇಲೆ ಬಿಡಿಸಿದರು.

"ಕೊಂಡ್ಕೊಂಡ್ರೆ ಬೇಗ ಮನೆಗೆ ಬಂದ್ಬಿಡತ್ತೆ. ಜೋಡಿಸೋಕೆ ಕೂತ್ರೆ ನಂಗೆ ಎರಡು ವರ್ಷ ಹಿಡಿಯತ್ತೆ, ನಿಂಗೇ ಗೊತ್ತಲ್ಲ. ಅದಕ್ಕೇ ಎಲ್ಲರನ್ನೂ ಕೇಳ್ತಿದ್ದೆ. ಒಬ್ಬರಾದ್ರೂ ಜೋಡಿಸು ಅಂತಾರೇನೋ ಅಂತ."

ನಾವು ಯಾರೂ ಅಂದಿರಲಿಲ್ಲ. ನಾನಂತೂ ನಕ್ಕಿದ್ದೆ.

ಮನೆಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆವು. ನಾನು ಎರಡು ವಾರ ಅಲ್ಲೇ ಉಳಿದೆ. ಈಗ ಒಂದೂವರೆ ವರ್ಷವಾಯಿತು. ಮಾತ್ರೆ ತೆಗೆದುಕೊಳ್ಳುತ್ತಾರೆ, ವಾರಕ್ಕೊಮ್ಮೆ ಒಬ್ಬರು ಕೌನ್ಸೆಲರ್ ಹತ್ತಿರ ಮಾತಾಡಿ ಬರುತ್ತಾರೆ. ಕೆಲವು ದಿನ ಏಳುವುದೇ ಕಷ್ಟ, ಕೆಲವು ದಿನ ಚೆನ್ನಾಗಿರುತ್ತಾರೆ. ಇದನ್ನು ಬರೆ ಎಂದವರೂ ಅವರೇ. "ಅಂಗಡಿಯವನನ್ನ ಮರೀಬೇಡ" ಎಂದರು.

ನಾನು ಮರೆಯದೆ ಇಟ್ಟುಕೊಂಡಿರುವುದು ಅಂಗಡಿಗೆ ಹೋದ ಶನಿವಾರದ ನಂತರದ ಸೋಮವಾರವನ್ನು. ಡಾಕ್ಟರ ಕ್ಲಿನಿಕ್ಕಿನಲ್ಲಿ ತುಂಬಲು ಒಂದು ಫಾರ್ಮ್ ಕೊಟ್ಟರು. ಭಾವ ಪೆನ್ನು ಹಿಡಿದರು, ಬರೆಯಲಾಗಲಿಲ್ಲ. ಫಾರ್ಮನ್ನು ಅಕ್ಕನ ತೊಡೆಯ ಮೇಲಿಟ್ಟು "ನೀನೇ ತುಂಬು" ಎಂದರು. ಅಕ್ಕ ಹೆಸರು ಬರೆದಳು, ಹುಟ್ಟಿದ ದಿನ ಬರೆದಳು, ವಿಳಾಸ ಬರೆದಳು. ಮುಂದಿನ ಸಾಲಿಗೆ ಬಂದು ನಿಂತಳು. ಉತ್ತರ ಅವಳಿಗೆ ಗೊತ್ತಿತ್ತು. ಆದರೂ ಅವರ ಕಡೆ ತಿರುಗಿ, ಆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದಳು.

"ಯಾರ ಜೊತೆ ಇದೀರಾ?"

ಭಾವ ಅವಳನ್ನು ನೋಡಿದರು.

"ನಿನ್ ಜೊತೆ" ಎಂದರು.

ಅಕ್ಕ ಅದನ್ನು ಬರೆದುಕೊಂಡಳು.