ಒಂದು ಗೇಣು ಜಾಗ

ನನ್ನ ದೊಡ್ಡಮ್ಮನ ಎದುರಿಗೆ ಸಾಕ್ಷಾತ್ ದೇವರೇ ಬಂದು ನಿಂತು "ನಡಿ, ಸ್ವರ್ಗಕ್ಕೆ ಹೋಗುವ" ಎಂದರೆ ಅವರು ಕೈ ಮುಗಿಯುವುದಿಲ್ಲ. "ಎಷ್ಟು ಕಿಲೋ ಒಯ್ಯಬಹುದು?" ಎಂದು ಕೇಳುತ್ತಾರೆ! ದೇವರು ತಬ್ಬಿಬ್ಬಾಗಿ ಏನೋ ಒಂದು ಲೆಕ್ಕ ಹೇಳಿದ ಎನ್ನಿ. "ಹ್ಯಾಂಡ್ ಬ್ಯಾಗ್ ಬೇರೆ ಅಲ್ವಾ?" ಎಂಬುದು ಮುಂದಿನ ಪ್ರಶ್ನೆ.

ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ಕಾರ್ಕಳದ ಗೇರುಬೀಜದ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವರು ಅವರು. ತಗಡಿನ ಡಬ್ಬದೊಳಗೆ ಗಾಳಿಗೂ ಜಾಗ ಬಿಡದ ಹಾಗೆ ಬೀಜ ತುಂಬಿಸಿ ತುಂಬಿಸಿ ಕೈ ಪಳಗಿತು. ನಿವೃತ್ತಿಯಾಗಿ ಕಾಪುವಿನಲ್ಲಿ ಮನೆ ಮಾಡಿದರು. ಆದರೆ ಕೈ ಸುಮ್ಮನಿರಬೇಕಲ್ಲ? ಮದುವೆಯಾಗಲಿಲ್ಲ, ಮಕ್ಕಳಿಲ್ಲ, ಟಿ.ವಿ. ಎದುರು ಐದು ನಿಮಿಷ ಕುಳಿತರೆ ಆರನೇ ನಿಮಿಷಕ್ಕೆ ಎದ್ದು ಪಾತ್ರೆಯೊಳಗೆ ಪಾತ್ರೆ ಇಟ್ಟು ಜಾಗ ಉಳಿಸುತ್ತಾರೆ. ಹೀಗಾಗಿ ನೆಂಟರಲ್ಲಿ, ನೆರೆಯಲ್ಲಿ ಯಾರು ಎಲ್ಲಿಗೆ ಹೊರಟರೂ ಪೆಟ್ಟಿಗೆ ತುಂಬಿಸುವ ಗುತ್ತಿಗೆ ಇವರದ್ದೇ ಆಯಿತು. ಯಾರೂ ಕೊಟ್ಟ ಗುತ್ತಿಗೆಯಲ್ಲ ಅದು. ಇವರೇ ತೆಗೆದುಕೊಂಡದ್ದು!

ಅವರ ಶಾಸ್ತ್ರದ ಮೊದಲ ಸೂತ್ರ: ಬಟ್ಟೆ ಮಡಚಬಾರದು, ಪತ್ರೊಡೆ ಸುತ್ತಿದ ಹಾಗೆ ಸುತ್ತಬೇಕು. ಹಿಟ್ಟು ಸವರಿದ ಕೆಸುವಿನ ಎಲೆಯಲ್ಲಿ ದೊಡ್ಡದು ಅಡಿಗೆ, ಸಣ್ಣದು ಮೇಲೆ ಇಡುತ್ತೇವಲ್ಲ, ಹಾಗೆಯೇ ಅಡಿಗೆ ಲುಂಗಿ, ಅದರ ಮೇಲೆ ಅಂಗಿ, ಅದರ ಮೇಲೆ ಬನಿಯನ್. ಎರಡು ಬದಿ ಒಳಗೆ ಮಗುಚಿ, ಬಿಗಿಯಾಗಿ ಸುರುಳಿ ಸುತ್ತಿ, ಪೇಪರು ಹೊದೆಸಿ, ಬಾಳೆನಾರಿನಿಂದ ಕಟ್ಟಿದರೆ ಒಂದು ದಿನದ ಉಡುಪು ತಯಾರು. ಹಬೆಯಲ್ಲಿ ಬೇಯಿಸುವುದೊಂದು ಬಾಕಿ.

ಎರಡನೆಯ ಸೂತ್ರ ವಿಚಿತ್ರ. ಇಷ್ಟೆಲ್ಲ ಬಿಗಿಯಾಗಿ ತುಂಬಿಸಿದ ಮೇಲೆ, ಪೆಟ್ಟಿಗೆಯ ಒಂದು ಮೂಲೆಯಲ್ಲಿ ಒಂದು ಗೇಣು ಜಾಗ ಖಾಲಿ ಬಿಡುತ್ತಾರೆ. ತಮ್ಮ ಕೈಯನ್ನೇ ಅಗಲಿಸಿ, ಹೆಬ್ಬೆರಳಿನಿಂದ ಕಿರುಬೆರಳಿನ ತನಕ ಅಳೆದು ನೋಡುತ್ತಾರೆ. ಕಡಿಮೆಯಾದರೆ ಏನಾದರೊಂದನ್ನು ಹೊರಗೆಸೆಯುತ್ತಾರೆ. ನಾನೊಮ್ಮೆ ಕೇಳಿದ್ದೆ: "ಫ್ಯಾಕ್ಟರಿಯಲ್ಲಿ ಗಾಳಿಗೂ ಜಾಗ ಬಿಡದವರು ಇಲ್ಲಿ ಎಂತಕ್ಕೆ ದೊಡ್ಡಮ್ಮ ಇಷ್ಟು ಉದಾರಿ?"

"ಗೇರುಬೀಜ ಹೋದರೆ ಹೋಯಿತು, ವಾಪಸು ಬರುವುದಿಲ್ಲ. ಮನುಷ್ಯ ಬರುತ್ತಾನೆ. ಬರುವಾಗ ಎಂತಾದರೂ ತರಲಿಕ್ಕೆ ಜಾಗ ಬೇಡವಾ?"

ಇಂಥವರೊಂದಿಗೆ ಬಸ್ಸಿನಲ್ಲಿ ಹೋಗುವುದೆಂದರೆ ನನಗೆ ಜೀವ ಬಾಯಿಗೆ ಬರುತ್ತದೆ. ಒಮ್ಮೆ ಕಾಪುವಿನಿಂದ ನಾವಿಬ್ಬರೂ ಉಡುಪಿಗೆ ಹೊರಟಿದ್ದೆವು. ಪಕ್ಕದ ಸೀಟಿನಲ್ಲಿ ಮಣಿಪಾಲದಲ್ಲಿ ಓದುವ ಹುಡುಗಿ, ಯಾವುದೋ ಉತ್ತರದ ಊರಿನವಳು. ಅವಳ ತೊಡೆಯ ಮೇಲೆ ಬಿರಿಯುವ ಹಾಗೆ ಉಬ್ಬಿದ ಬ್ಯಾಗು. ದೊಡ್ಡಮ್ಮ ಅದನ್ನು ನೋಡಿದರು, ಕಿಟಕಿಯ ಕಡೆ ತಿರುಗಿದರು, ಮತ್ತೆ ನೋಡಿದರು. ಕಾಲು ಕುಣಿಸತೊಡಗಿದರು. ಉದ್ಯಾವರದ ಸೇತುವೆ ದಾಟುವಷ್ಟರಲ್ಲಿ ತಾಳ್ಮೆ ಮುಗಿಯಿತು. "ಐಸಾ ನಹೀ! ಪತ್ರೊಡೆ ಐಸಾ!" ಎನ್ನುತ್ತಾ ಬ್ಯಾಗು ಎಳೆದುಕೊಂಡು ಜಿಪ್ ಬಿಚ್ಚಿಯೇಬಿಟ್ಟರು! ಪಾಪ, ಆ ಹುಡುಗಿಗೆ ಹಿಂದಿ ಬರುತ್ತಿತ್ತು, ಆದರೆ ಪತ್ರೊಡೆ ಬರುತ್ತಿರಲಿಲ್ಲ. ನಾನು ಗುರುತೇ ಇಲ್ಲದವಳ ಹಾಗೆ ಹೊರಗೆ ನೋಡುತ್ತಾ ಕುಳಿತೆ. ಬ್ಯಾಗು ಅರ್ಧಕ್ಕೆ ಇಳಿಯಿತು. ಹುಡುಗಿ ಕಣ್ಣರಳಿಸಿ, ಏನಾದರೂ ಕಳೆದುಹೋಯಿತೇ ಎಂದು ಎರಡೆರಡು ಸಲ ತಡಕಿ ನೋಡಿ, ಕೊನೆಗೆ ದೊಡ್ಡಮ್ಮನ ಕೈ ಹಿಡಿದು ಥ್ಯಾಂಕ್ಸ್ ಹೇಳಿದಳು.

"ಅಮ್ಮ, ನಿಮಗೆ ಎಲ್ಲಿ ಇಳಿಯಬೇಕು?" ಕಂಡಕ್ಟರ್ ಕೇಳಿದ.

"ಉಡುಪಿ."

"ಉಡುಪಿ ಹೋಗಿ ಎಷ್ಟು ಹೊತ್ತಾಯಿತು! ಇದು ಮಣಿಪಾಲ."

ನಾಚಿಕೆಯಲ್ಲಿ ಹೊರಗೆ ನೋಡುತ್ತಿದ್ದ ನನಗೂ ಉಡುಪಿ ಕಾಣಲಿಲ್ಲ ನೋಡಿ!

ಇನ್ನು ನನ್ನ ಅಣ್ಣನ ಕಥೆ. ಅವನು ಮಸ್ಕತ್ತಿನಲ್ಲಿ ಕೆಲಸದಲ್ಲಿದ್ದಾನೆ. ರಜೆ ಮುಗಿಸಿ ಹೊರಡುವಾಗ ಪೆಟ್ಟಿಗೆ ತುಂಬಿಸಲು ದೊಡ್ಡಮ್ಮನಲ್ಲದೆ ಇನ್ಯಾರು? ಆ ಸಲ ಅವನಿಗೆ ಇಷ್ಟವೆಂದು ಬೇಯಿಸಿದ ಪತ್ರೊಡೆಯ ಸುರುಳಿಗಳನ್ನೂ ಇಟ್ಟರು. ಬಟ್ಟೆಯ ಸುರುಳಿಗೂ ಪತ್ರೊಡೆಯ ಸುರುಳಿಗೂ ಒಂದೇ ಅಳತೆ, ಒಂದೇ ಪೇಪರು, ಒಂದೇ ಬಾಳೆನಾರು! ಅಣ್ಣ ನಿದ್ದೆಗಣ್ಣಿನಲ್ಲಿ ರೂಮು ಸೇರಿ, ಮೇಲಿದ್ದ ನಾಲ್ಕು ಸುರುಳಿಗಳನ್ನು ತಿಂಡಿ ಎಂದು ಫ್ರಿಜ್ಜಿನಲ್ಲಿಟ್ಟ, ಉಳಿದದ್ದನ್ನು ಬಟ್ಟೆ ಎಂದು ಕಪಾಟಿನಲ್ಲಿಟ್ಟ. ಮೂರನೆಯ ದಿನ ಕಪಾಟು ನಾರತೊಡಗಿತು. ರೂಮಿನ ಗೆಳೆಯನೊಬ್ಬ ಹಸಿದು ಬಂದು ಫ್ರಿಜ್ಜಿನಿಂದ ಒಂದು ಸುರುಳಿ ತೆಗೆದು ಚಾಕುವಿನಿಂದ ಕೊಯ್ದರೆ ಒಳಗೆ ಬನಿಯನ್ನು! ಅಣ್ಣ ಫೋನು ಮಾಡಿ ಕೂಗಾಡಿದ. ದೊಡ್ಡಮ್ಮ ಎಲ್ಲವನ್ನೂ ಸಮಾಧಾನದಿಂದ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಸುರುಳಿ ಬಿಚ್ಚಿಕೊಂಡಿರಲಿಲ್ಲ ಅಲ್ವಾ?"

ಅವರ ಸ್ವಂತದ್ದು ಎನ್ನುವ ಬಟ್ಟೆಬರೆ ಬಹಳ ಕಡಿಮೆ. ಆದರೆ ಕಪಾಟಿನ ಮೇಲಿನ ಖಾನೆಯಲ್ಲಿ ಕೆಂಪು ಅಂಚಿನ ಹಸಿರು ರೇಷ್ಮೆ ಸೀರೆಯೊಂದಿತ್ತು. ನಾನು ನೋಡಿದ ಹಾಗೆ ಯಾವ ಮದುವೆಗೂ ಅದನ್ನು ಉಟ್ಟವರಲ್ಲ. ನನ್ನ ಮದುವೆಗಾದರೂ ಉಡಿ ಎಂದು ಪೀಡಿಸಿದ್ದೆ. "ಅದು ನನ್ನ ಕೊನೆಯ ಪ್ರಯಾಣಕ್ಕೆ ಇಟ್ಟದ್ದು ಮಾರಾಯ್ತಿ. ಆ ದಿನ ಬ್ಯಾಗು ಒಯ್ಯಲಿಕ್ಕಿಲ್ಲ, ಉಟ್ಟದ್ದೊಂದೇ. ಅದಾದರೂ ಒಳ್ಳೆಯದು ಬೇಡವಾ?" ಎಂದು ನಗಾಡಿದ್ದರು. ನಾವೆಲ್ಲ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕಿದ್ದೆವು.

ನಮ್ಮ ಕಡೆ ಮಣಿಪಾಲ ಎಂಬ ಮಾತಿಗೆ ಎರಡು ಅರ್ಥ. "ಮಗಳು ಮಣಿಪಾಲದಲ್ಲಿದ್ದಾಳೆ" ಎಂದರೆ ಓದುತ್ತಿದ್ದಾಳೆ. "ಅಮ್ಮ ಮಣಿಪಾಲದಲ್ಲಿದ್ದಾರೆ" ಎಂದರೆ ಎಳನೀರು, ಕಿತ್ತಳೆ ಹಿಡಿದುಕೊಂಡು ಆಸ್ಪತ್ರೆಗೆ ನೋಡಲು ಹೋಗಬೇಕು. ಈ ಮಳೆಗಾಲದ ಕೊನೆಗೆ ದೊಡ್ಡಮ್ಮನಿಗೂ ಮಣಿಪಾಲ ಬಂತು. ಹೊಟ್ಟೆಯಲ್ಲಿ ಗಡ್ಡೆ, ಆಪರೇಷನ್ ಆಗಲೇಬೇಕು, ತೆಗೆದು ನೋಡಿದ ಮೇಲೆಯೇ ಉಳಿದ ಮಾತು ಎಂದರು ಡಾಕ್ಟರು. ನೆರೆಯವರು ಕೇಳಿದರೆ ಮಾತ್ರ ದೊಡ್ಡಮ್ಮ "ಹೀಗೇ, ಒಂದು ಟೂರು" ಎನ್ನುತ್ತಿದ್ದರು. ಎಳನೀರು ತರುತ್ತಾರೆಂಬ ಹೆದರಿಕೆ!

ಸೇರಿಸುವ ದಿನ ಬೆಳಿಗ್ಗೆ ಕರೆದುಕೊಂಡು ಹೋಗಲು ಉಡುಪಿಯಿಂದ ಹೋದೆ. ಅವರು ಚಾವಡಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಚಾವಡಿಗೆ ನಡೆಯುತ್ತಲೇ ಇದ್ದರು. ಗ್ಯಾಸು ಬಂದ್ ಮಾಡಿದ್ದನ್ನು ನಾಲ್ಕು ಸಲ ನೋಡಿದರು. ಕುಳಿತುಕೊಳ್ಳಿ ಎಂದರೆ ಕೂರಲಿಲ್ಲ. ಕೂತ ನನಗಾದರೂ ಸಮಾಧಾನವಿತ್ತೇ? ಗಡಿಯಾರ ನೋಡುವುದು, ಮೊಬೈಲು ನೋಡುವುದು, ಮತ್ತೆ ಗಡಿಯಾರ.

"ಬಾ, ಈ ಬ್ಯಾಗಿನ ಮೇಲೆ ಸ್ವಲ್ಪ ಕೂತುಕೋ. ಜಿಪ್ ಬರುವುದಿಲ್ಲ," ಎಂದರು.

ದೊಡ್ಡಮ್ಮ ತುಂಬಿಸಿದ ಬ್ಯಾಗಿನ ಜಿಪ್ ಬರುವುದಿಲ್ಲವೇ? ತೆರೆದು ನೋಡಿದೆ. ಸುರುಳಿಗಳು ಬೆರಳು ತೂರದಷ್ಟು ಒತ್ತಾಗಿದ್ದವು. ಮೂಲೆ ಮೂಲೆ ತಡಕಿದೆ. ಒಂದು ಗೇಣು ಹೋಗಲಿ, ಒಂದಂಗುಲವೂ ಖಾಲಿ ಇರಲಿಲ್ಲ. ಅಡಿಯಲ್ಲಿ ಪೇಪರಿನೊಳಗೆ ಕೆಂಪು ಅಂಚು ಕಂಡಿತು.

"ಇದು ಎಂತಕ್ಕೆ ದೊಡ್ಡಮ್ಮ? ಆಸ್ಪತ್ರೆಯಲ್ಲಿ ಯಾರದ್ದಾದರೂ ಮದುವೆ ಉಂಟಾ?" ಎಂದೆ.

"ಇರಲಿ ಮಾರಾಯ್ತಿ. ಹೆಚ್ಚುಕಡಿಮೆ ಆದರೆ ಅದನ್ನು ಹುಡುಕಿಕೊಂಡು ನೀವು ಕಾಪುವಿಗೆ ಓಡಿ ಬರಬೇಕು. ಸುಮ್ಮನೆ ಎರಡೆರಡು ಸಲ ಓಡಾಟ ಎಂತಕ್ಕೆ?"

ಅಚ್ಚುಕಟ್ಟು ಎಂದರೆ ಇದಪ್ಪ! ನನಗೆ ಸಿಟ್ಟು ಬಂತು. ಅಳುವೂ ಬಂತು. ಎಲ್ಲರಿಗೂ ವಾಪಸು ಬರುವ ಜಾಗ ಇಟ್ಟು ಕಳಿಸಿದವರು ತಮಗೆ ಮಾತ್ರ ಇಟ್ಟುಕೊಳ್ಳಲಿಲ್ಲ. ಸೀರೆಯನ್ನು ಎಳೆದು ತೆಗೆದು, ಕಪಾಟಿನ ಮೇಲಿನ ಖಾನೆಯಲ್ಲಿಟ್ಟು, ಬೀಗ ಹಾಕಿ ಬೀಗದ ಕೈಯನ್ನು ನನ್ನ ಪರ್ಸಿಗೆ ಹಾಕಿಕೊಂಡೆ.

"ನೀವು ಎಂತ, ಗೇರುಬೀಜವಾ?" ಎಂದೆ.

ದೊಡ್ಡಮ್ಮ ಬೆಳಗಿನಿಂದ ಮೊದಲ ಸಲ ಕುಳಿತರು. ಸೀರೆ ತೆಗೆದು ಆದ ಜಾಗದಲ್ಲಿ ನಾನು ಕೈ ಅಗಲಿಸಿ ಅಳೆದೆ. "ನೋಡಿ, ಸರಿಯಾಗಿ ಒಂದು ಗೇಣು."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಬಗ್ಗಿದರು. ನನ್ನ ಕೈ ಸರಿಸಿ ತಮ್ಮ ಕೈ ಇಟ್ಟರು. ಹೆಬ್ಬೆರಳಿನಿಂದ ಕಿರುಬೆರಳಿನ ತನಕ ನಿಧಾನವಾಗಿ ಅಗಲಿಸಿದರು. ಕಿರುಬೆರಳು ಒಂದು ಸುರುಳಿಗೆ ತಾಗಿತು.

"ನಿನ್ನ ಗೇಣು ಸಣ್ಣದು ಮಾರಾಯ್ತಿ," ಎಂದರು. ಆ ಸುರುಳಿಯನ್ನೂ ತೆಗೆದು ಹೊರಗಿಟ್ಟು, ಜಿಪ್ ಎಳೆದರು.