ಶನಿವಾರದ ಮುಕ್ಕಾಲು ಗಂಟೆ

ಮೇಷ್ಟ್ರ ತಲೆ ಕೆಡಿಸಿದ್ದು ನೋಟಿಸ್ ಬೋರ್ಡಿಗೆ ಅಂಟಿಸಿದ್ದ ಅರ್ಧ ಹಾಳೆ. ಮೇಷ್ಟ್ರು ಕಲಿಸುವ ಐಸ್ ಸ್ಕೇಟಿಂಗ್‌ನ ಮೊದಲ ತರಗತಿಯಲ್ಲೇ ಎರಡು ವರ್ಷ ಕಳೆದ ಮಕ್ಕಳಿಗೆಲ್ಲ ಇವತ್ತೇ ಪರೀಕ್ಷೆ. ಪಾಸಾದವರು ಇನ್ನುಮೇಲೆ ಬುಧವಾರದ ಮೇಲಿನ ತರಗತಿಗೆ, ಬೇರೆ ಟೀಚರ ಕೈಗೆ. ಅಂಥ ಮಗು ಇದ್ದದ್ದು ಒಂದೇ. ಅದು ಮೇಷ್ಟ್ರ ಎಂಟು ವರ್ಷದ ಮಗಳು.

ಗಂಡ ಹೆಂಡತಿ ಬೇರೆಯಾಗಿ ಮೂರು ವರ್ಷವಾಗಿತ್ತು. ಮಗಳು ತಾಯಿಯ ಜೊತೆಗಿದ್ದಳು. ಮೇಷ್ಟ್ರ ಪಾಲಿಗೆ ಉಳಿದದ್ದು ಶನಿವಾರ ಬೆಳಿಗ್ಗೆ ಐಸಿನ ಮೇಲಿನ ಮುಕ್ಕಾಲು ಗಂಟೆ, ಅದನ್ನೂ ಇನ್ನೊಂಬತ್ತು ಮಕ್ಕಳೊಂದಿಗೆ ಹಂಚಿಕೊಳ್ಳಬೇಕು. ಹಾಗಾಗಿ ಊರ ಮಕ್ಕಳಿಗೆ ಆರು ತಿಂಗಳಲ್ಲಿ ಕಲಿಸುವುದನ್ನು ಸ್ವಂತ ಮಗಳಿಗೆ ಅವರು ಎರಡು ವರ್ಷದಿಂದ ಕಲಿಸುತ್ತಲೇ ಇದ್ದರು. ಇನ್ನೂ ಮಂಡಿ ಸರಿಯಾಗಿ ಬಗ್ಗುತ್ತಿಲ್ಲ ಎಂದು ವಾರವಾರವೂ ತಾಯಿಗೆ ಹೇಳುತ್ತಿದ್ದರು. ಮಂಡಿ ಚೆನ್ನಾಗಿಯೇ ಬಗ್ಗುತ್ತಿತ್ತು.

ಮಗಳು ಫೇಲಾಗಲಿ ಎಂದು ಬೇಡಿಕೊಳ್ಳುವ ತಂದೆ ಲೋಕದಲ್ಲಿ ಇವರೊಬ್ಬರೇ ಇರಬೇಕು. ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಹೇಳದಿದ್ದದ್ದೇ ಎಡವಟ್ಟಾಯಿತು. ಅವರ ಬಾಡಿದ ಮುಖ ಕಂಡ ಸಹೋದ್ಯೋಗಿಗಳು, ಪಾಪ, ಮಗಳು ಪಾಸಾಗಲಿ ಅಂತ ಕೊರಗುತ್ತಿದ್ದಾರೆ ಎಂದುಕೊಂಡು ಉಪಕಾರಕ್ಕೆ ಟೊಂಕ ಕಟ್ಟಿ ನಿಂತರು.

ಮೇಷ್ಟ್ರು ಮಗಳಿಗೆಂದು ಬ್ಲೇಡು ಮೊಂಡಾದ ಹಳೆಯ ಶೂ ಹುಡುಕಿ ಇಟ್ಟಿದ್ದರು. ಶೂ ಕೌಂಟರಿನ ಅಕ್ಕ ಅದನ್ನು ಕಿತ್ತುಕೊಂಡು, ಆಗಷ್ಟೇ ಸಾಣೆ ಹಿಡಿದ ಜೋಡಿ ಕೊಟ್ಟಳು. ಐಸಿನ ಮೇಲೆ ತುಂಬಾ ಗೀರು ಬಿದ್ದಿದೆ, ಇನ್ನೊಂದು ದಿನ ನೋಡೋಣವೇ ಎಂದು ರಾಗ ಎಳೆದರೆ, ಐಸು ಸವರುವ ಯಂತ್ರದ ಡ್ರೈವರ್ ಚಹಾವನ್ನು ಅರ್ಧಕ್ಕೇ ಬಿಟ್ಟು ಬಂದು ಇಡೀ ಅಂಗಳವನ್ನು ಕನ್ನಡಿ ಮಾಡಿಬಿಟ್ಟ. ಜನ್ಮದಲ್ಲಿ ಐಸಿಗೆ ಕಾಲಿಡದ ಟಿಕೆಟ್ ಗುಮಾಸ್ತನೂ ಸುಮ್ಮನಿರದೆ, ತಿರುಗುವುದು ಹೇಗೆಂದು ಹುಡುಗಿಯ ಮುಂದೆ ನೆಲದ ಮೇಲೆ ಕುಣಿದು ತೋರಿಸಿದ.

"ನೀವು ಸುಮ್ನೆ ಕೂತ್ಕೊಳ್ಳಿ ಮೇಷ್ಟ್ರೇ, ನಾವಿದ್ದೀವಲ್ಲ," ಎಂದಳು ಅಕ್ಕ. ಮೇಷ್ಟ್ರಿಗೆ ಅಳು ಬಂತು. ಸಂತೋಷಕ್ಕೆಂದು ತಿಳಿದು ಅವಳು ಕರವಸ್ತ್ರ ಕೊಟ್ಟಳು.

ಮೇಲಿನ ತರಗತಿಯ ಟೀಚರು ಹಾಳೆ ಹಿಡಿದು ನಿಂತರು. ತಾಯಿ ಬೆಂಚಿನ ತುದಿಯಲ್ಲಿ ಕೂತಳು. ಹುಡುಗಿ ಅಂಚಿನ ಕಂಬಿ ಬಿಟ್ಟು ಹೊರಟಳು. ಕಾಲು ಅಗಲಿಸಿ ಕೂಡಿಸುತ್ತಾ ಜಾರಿದಳು, ಒಂಟಿಕಾಲಲ್ಲಿ ತೇಲಿದಳು. ಮೇಷ್ಟ್ರಿಗೆ ಬೇಡಬೇಡವೆಂದರೂ ಹೆಮ್ಮೆಯಾಯಿತು. ಎಷ್ಟು ಚೆನ್ನಾಗಿ ಕಲಿತಿದ್ದಾಳೆ ಅನ್ನಿಸಿತು. ಹೋಗಲಿ, ಮಗು ಮುಂದೆ ಹೋಗಲಿ ಎಂದು ಕೊನೆಗೂ ಮನಸ್ಸು ಗಟ್ಟಿಮಾಡಿಕೊಂಡರು.

ಉಳಿದದ್ದು ಟೀಚರ ಮುಂದೆ ಬಂದು ನಿಲ್ಲುವುದೊಂದೇ. ಹುಡುಗಿ ಅಪ್ಪನ ಕಡೆ ಒಮ್ಮೆ ನೋಡಿ ದೊಪ್ಪನೆ ಕುಸಿದಳು. ಇನ್ನೊಂದು ಅವಕಾಶ ಕೊಟ್ಟರು, ಮತ್ತೆ ಬಿದ್ದಳು. ಮೂರನೆಯ ಸಲವೂ ಅದೇ. ಟೀಚರು ಹಾಳೆಯ ಮೇಲೆ ಅಡ್ಡಗೆರೆ ಎಳೆದರು. ಕೌಂಟರಿನ ಹಿಂದೆ ಮೂವರೂ ತಲೆಯ ಮೇಲೆ ಕೈಹೊತ್ತು ಕೂತರು.

ಮೇಷ್ಟ್ರು ಮಗಳ ಶೂ ಬಿಚ್ಚಲು ಬಗ್ಗಿದಾಗ ಅವಳು ಕಿವಿಯಲ್ಲಿ ಹೇಳಿದಳು: "ಬೇಕಂತಲೇ ಬಿದ್ದೆ ಅಪ್ಪಾ. ಇನ್ನೂ ನಿನ್ ಕ್ಲಾಸಿಗೇ ಬರ್ತೀನಿ."

ಮೇಷ್ಟ್ರಿಗೆ ಲೇಸು ಮಂಜುಮಂಜಾಗಿ ಕಂಡಿತು. ಅಂಥ ಸುಖ ಅವರಿಗೆ ಮೂರು ವರ್ಷದಲ್ಲಿ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ತಾಯಿ ಬಂದಳು. ಅವಳಿಗೆ ಸಿಟ್ಟೇನೂ ಇರಲಿಲ್ಲ, ಸುಸ್ತಾಗಿದ್ದಳು ಅಷ್ಟೆ. "ಸಾಕು, ಪಾಪ, ಇನ್ನೂ ಯಾಕೆ ಬೀಳಿಸೋದು? ಮುಂದಿನ ಶನಿವಾರದಿಂದ ಈಜಿಗೆ ಸೇರಿಸ್ತೀನಿ," ಎಂದಳು.

ಹುಡುಗಿಯ ಮುಖ ಬಿಳಿಚಿತು. ಮೇಷ್ಟ್ರು ಗಡಬಡಿಸಿ ಎದ್ದರು. "ಅವಳಿಗೆ ಎಲ್ಲಾ ಬರುತ್ತೆ. ಬೇಕಂತಲೇ ಬಿದ್ದಿದ್ದು. ನನ್ನ ಹತ್ರ ಬೇಡ, ಮೇಲಿನ ಕ್ಲಾಸಿಗಾದ್ರೂ ಹಾಕು."

"ಎರಡು ವರ್ಷದಿಂದ ಬರಲ್ಲ ಅಂದಿದ್ದೂ ನೀವೇ," ಎಂದು ತಾಯಿ ಮಗಳ ಚೀಲ ಎತ್ತಿಕೊಂಡಳು.

ಬಾಗಿಲವರೆಗೆ ಹೋದ ಮಗಳು ಕೈ ಬಿಡಿಸಿಕೊಂಡು ಓಡಿಬಂದಳು. "ಅಪ್ಪಾ, ನಿಂಗೆ ಈಜು ಬರುತ್ತಾ?"

"ಬರಲ್ಲ ಕಂದಾ," ಎಂದರು ಮೇಷ್ಟ್ರು.