ಮೈಲಾರಲಿಂಗಪ್ಪನವರ ಟ್ರಯಲ್ ನಿವೃತ್ತಿ

ನಿವೃತ್ತಿ ಹತ್ತಿರ ಬಂತೆಂದರೆ ಉಳಿದವರ ಮುಖ ಸಪ್ಪಗಾಗುತ್ತದೆ. ಮೈಲಾರಲಿಂಗಪ್ಪನವರ ಮುಖಕ್ಕೆ ಮಾತ್ರ ದಿನದಿಂದ ದಿನಕ್ಕೆ ಕಳೆ ಏರುತ್ತಿತ್ತು. ಬೆಳಗಾವಿಯ ಬಸ್ ನಿಲ್ದಾಣದಲ್ಲಿ ಮೂವತ್ತಾರು ವರ್ಷ ದುಡಿದು, ಕಡೆಯ ಹದಿನಾಲ್ಕು ವರ್ಷ ಸಂಚಾರ ನಿಯಂತ್ರಕರಾಗಿ ಯಾವ ಬಸ್ಸು ಎಷ್ಟು ಗಂಟೆಗೆ ಹೊರಡಬೇಕು ಎಂದು ಆಜ್ಞೆ ಮಾಡಿದವರು ಅವರು. ಇಂಥ ಮನುಷ್ಯನಿಗೆ ತನ್ನ ಮುಂದಿನ ಆಯುಷ್ಯಕ್ಕೊಂದು ವೇಳಾಪಟ್ಟಿ ಹಾಕುವುದು ಯಾವ ಮಹಾ ಕೆಲಸ? ಮೇ ಮೂವತ್ತೊಂದಕ್ಕೆ ನಿವೃತ್ತಿಯಾದರೆ, ಜನವರಿಯಲ್ಲೇ ವೇಳಾಪಟ್ಟಿ ಸಿದ್ಧವಾಗಿ ವಡಗಾವಿಯ ಮನೆಯ ಅಡುಗೆಮನೆ ಬಾಗಿಲಿಗೆ ಅಂಟಿಕೊಂಡಿತ್ತು.

ಐದೂವರೆಗೆ ಏಳುವುದು. ಐದು ಐವತ್ತಕ್ಕೆ ವಾಕಿಂಗ್. ಏಳು ಹತ್ತಕ್ಕೆ ಸ್ವಂತ ಕೈಯಿಂದ ಚಹಾ. ಹನ್ನೊಂದಕ್ಕೆ ಸ್ವಂತ ಕೈಯಿಂದ ಅಡುಗೆ. ಹೀಗೆ ಸಾಗಿ, ಸಂಜೆ ಐದೂವರೆಗೆ ‘ಪತ್ನೀ ಸಮೇತ ಕಟ್ಟೆಯ ಮೇಲೆ ಆಸೀನರಾಗುವುದು’ ಎಂಬ ಕಲಮೂ ಇತ್ತು. (‘ಸ್ವಂತ ಕೈಯಿಂದ’ ಎಂಬಲ್ಲೆಲ್ಲ ಕೆಂಪು ಶಾಯಿಯಲ್ಲಿ ಎರಡೆರಡು ಗೆರೆ ಎಳೆದಿದ್ದರು.)

ಆ ಗೆರೆಗಳಿಗೆ ಕಾರಣ ಅವರ ಹಳೆಯ ಸಹೋದ್ಯೋಗಿ ಈರಣ್ಣ. ಆತ ಹೋದ ವರ್ಷ ನಿವೃತ್ತನಾಗಿ, ಮೂರು ತಿಂಗಳು ಹೆಂಡತಿಯ ಹಿಂದೆ ಹಿಂದೆ ತಿರುಗುತ್ತ “ಇವತ್ತ ಪಲ್ಯಾ ಏನು” ಎಂದು ಕೇಳಿ ಕೇಳಿ ತಲೆ ತಿಂದದ್ದಕ್ಕೆ, ಕೊನೆಗೆ ಆಕೆ ಡಬ್ಬಿ ಕಟ್ಟಿಕೊಟ್ಟು ಮತ್ತೆ ಬಸ್ ನಿಲ್ದಾಣಕ್ಕೇ ಅಟ್ಟಿದ್ದಳು. ಈಗ ದಿನವಿಡೀ ಅಲ್ಲಿನ ಬೆಂಚಿನ ಮೇಲೆ ಕೂತಿರುತ್ತಿದ್ದ.

“ನೋಡ ಪ್ರಮಿಳಾ, ಈರಣ್ಣನ ಗತಿ ನನಗ ಬರಂಗಿಲ್ಲ,” ಎಂದು ಮೈಲಾರಲಿಂಗಪ್ಪನವರು ಹೆಂಡತಿಗೆ ಸಾರಿದರು. “ನಾ ಸ್ವಾವಲಂಬಿ. ಒಂದು ಕಪ್ ಚಹಾ ಸುದ್ದಾ ನಿನ್ನ ಕೇಳಂಗಿಲ್ಲ.”

“ಚಹಾಪುಡಿ ಎಲ್ಲೈತಿ ಗೊತ್ತೈತೇನ್ರಿ?”

“ಅದೆಲ್ಲಾ ಆಮ್ಯಾಲಿನ ಮಾತು.”

ಏಪ್ರಿಲ್ಲಿನಲ್ಲಿ ಅವರ ತಲೆಗೆ ಇನ್ನೂ ಭವ್ಯವಾದ ಯೋಚನೆ ಹೊಳೆಯಿತು. ಹೊಸ ಮಾರ್ಗಕ್ಕೆ ಬಸ್ಸು ಬಿಡುವ ಮೊದಲು ಒಮ್ಮೆ ಖಾಲಿ ಬಸ್ಸು ಓಡಿಸಿ ನೋಡುವುದು ಅವರು ಪಾಲಿಸಿಕೊಂಡು ಬಂದ ಪದ್ಧತಿ. ನಿವೃತ್ತಿಯೂ ಹೊಸ ಮಾರ್ಗವೇ ತಾನೆ? ಎಂಟು ದಿನದ ರಜೆ ಬಾಕಿ ಇತ್ತು. ಬರೆದು ಹಾಕಿಯೇ ಬಿಟ್ಟರು.

“ಎಂಟು ದಿವಸ ನೀ ಖಾನಾಪುರಕ್ಕ ನಿನ್ನ ತಂಗಿ ರೂಪಾಲಿ ಮನಿಗೆ ಹೋಗು. ನಾ ಇಲ್ಲಿ ಟ್ರಯಲ್ ಓಡಸ್ತೇನಿ. ನಿನಗೊಂದು ಫೋನ್ ಮಾಡಿದ್ರ ಕೇಳು.”

“ಖರೇ ಒಬ್ಬರ ಇರ್ತೀರಿ? ಅಡಿಗಿ, ಊಟ, ಎಲ್ಲಾ?”

“ನೀ ಇಲ್ಲದನೂ ಮನಿ ನಡೀತೈತಿ ಅಂತ ತೋರಸಾಕನ ಈ ಟ್ರಯಲ್.”

ಪ್ರಮಿಳಾ ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. ತಂಗಿಯ ಮನೆಗೆ ಹೋಗುವುದೆಂದರೆ ಎರಡು ದಿನ ಮೊದಲೇ ಗಂಟು ಕಟ್ಟಲು ಶುರು ಮಾಡುವ ಹೆಂಗಸು, ಅಂದು ಕಾಲು ಗಂಟೆಯಲ್ಲಿ ಚೀಲ ಹಿಡಿದು ಹೊರಗೆ ನಿಂತಿದ್ದಳು. ಬೇರೆ ಯಾವ ಗಂಡನಿಗಾದರೂ ಇಲ್ಲೇ ಸಂಶಯ ಬರುತ್ತಿತ್ತು. ಮೈಲಾರಲಿಂಗಪ್ಪನವರ ತಲೆಯಲ್ಲಿ ಆಗ ಹೆಮ್ಮೆಯೇ ಗಿಜಿಗುಡುತ್ತಿದ್ದುದರಿಂದ ಸಂಶಯಕ್ಕೆ ಕಾಲಿಡಲು ಜಾಗವಿರಲಿಲ್ಲ.

ಮೊದಲ ದಿನ ಹನ್ನೊಂದಕ್ಕೆ ಸರಿಯಾಗಿ ರೊಟ್ಟಿಯ ಸಮರ ಆರಂಭವಾಯಿತು. ಮೊಬೈಲಿನಲ್ಲಿ ಮೂರು ವಿಡಿಯೋ ನೋಡಿ ಪಾಂಡಿತ್ಯ ಸಂಪಾದಿಸಿದ್ದರು. ಆದರೆ ಜೋಳದ ಹಿಟ್ಟಿಗೆ ಆ ವಿಡಿಯೋ ತೋರಿಸಿರಲಿಲ್ಲವಲ್ಲ. ಅದು ನಾದಿದಷ್ಟೂ ಉದುರಿತು, ಬಡಿದಷ್ಟೂ ಬಿರಿಯಿತು. ಹಂಚಿಗೆ ಹೋಗುವಷ್ಟರಲ್ಲಿ ಒಂದು ರೊಟ್ಟಿ ನಾಲ್ಕಾಯಿತು, ನಾಲ್ಕೂ ಕರಿಬಣ್ಣಕ್ಕೆ ತಿರುಗಿದವು. ಹೊಗೆ ಕಂಡು ಪಕ್ಕದ ಮನೆಯ ನಾಗಲಿಂಗ ಗೋಡೆಯಾಚೆಯಿಂದ ಕೂಗಿದ.

“ರೀ, ನಿಮ್ಮನ್ಯಾಗ ಏನರ ಸುಡಾಕತ್ತೈತಿ ನೋಡ್ರಿ.”

“ಅಡಿಗಿ ಮಾಡಾಕತ್ತೇನ್ರಿ.”

“ಅದ ರೀ, ಅದನ್ನ ಹೇಳಾಕತ್ತೇನಿ.”

ಒಂದು ಗಂಟೆಗೆ ಹೊಟ್ಟೆ ಚುರುಗುಟ್ಟಿತು. ಓಣಿಯ ತುದಿಯಲ್ಲೇ ಕಾಡವ್ವನ ಖಾನಾವಳಿ. ಅಲ್ಲಿ ಹೋಗಿ ಕೂತರೆ ಓಣಿಗೆಲ್ಲ ಸುದ್ದಿಯಾಗುತ್ತದೆ. ಮೈಲಾರಲಿಂಗಪ್ಪನವರು ಮನೆಯ ಸ್ಟೀಲ್ ತಾಟನ್ನು ಚೀಲದಲ್ಲಿಟ್ಟುಕೊಂಡು ಖಾನಾವಳಿಯ ಹಿಂದಿನ ಬಾಗಿಲಿಗೆ ಹೋದರು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ ಹಾಕಿಸಿಕೊಂಡು, ಮೇಲೆ ಇನ್ನೊಂದು ತಾಟು ಮುಚ್ಚಿ ಮನೆಗೆ ತಂದರು. ಉಣ್ಣುವ ಮೊದಲು ಫೋಟೋ ತೆಗೆದು ಬಂಧುಬಳಗದ ವಾಟ್ಸಾಪ್ ಗುಂಪಿಗೆ ಬಿಟ್ಟರು. ಕೆಳಗೆ ಬರೆದದ್ದು: ‘ಸ್ವಂತ ಕೈಯಿಂದ.’ (ಓಣಿಯ ಆ ತುದಿಯಿಂದ ಈ ತುದಿಗೆ ಸ್ವಂತ ಕೈಯಿಂದಲೇ ಹೊತ್ತು ತಂದದ್ದು ಸುಳ್ಳೇನಲ್ಲವಲ್ಲ ಎಂದು ಮನಸ್ಸಾಕ್ಷಿಗೆ ಸಮಾಧಾನ ಹೇಳಿದರು.)

ಗುಂಪಿನಲ್ಲಿ ಹೊಗಳಿಕೆಯ ಸುರಿಮಳೆ. ಖಾನಾಪುರದಿಂದ ರೂಪಾಲಿಯ ಗಂಡ ಲಕ್ಷ್ಮಣ, ‘ಅಣ್ಣಾರ, ರೊಟ್ಟಿ ಭಾರೀ ತೆಳ್ಳಗ ಬಡದೀರಿ’ ಎಂದು ಬರೆದ. ಮರುದಿನ ಮೆಂತ್ಯದ ಪಲ್ಯ, ಅದರ ಮರುದಿನ ತುಂಬಿದ ಹೀರೇಕಾಯಿ. ನಾಲ್ಕನೆಯ ದಿನದಿಂದ ಮೈಲಾರಲಿಂಗಪ್ಪನವರು ಫೋಟೋದ ಜೊತೆಗೆ ಉಪದೇಶವನ್ನೂ ಕಳಿಸತೊಡಗಿದರು: ‘ಹಿಟ್ಟಿನ ಮ್ಯಾಲೆ ಪ್ರೀತಿ ಇರಬೇಕು. ಅವಸರ ಮಾಡಬಾರದು.’ ಆರನೆಯ ದಿನದ ಹೊತ್ತಿಗೆ ರೊಟ್ಟಿ ಬಡಿದದ್ದು ತಾವೇ ಎಂದು ಅವರಿಗೂ ಅನ್ನಿಸಹತ್ತಿತ್ತು.

ಪ್ರಮಿಳಾ ಮಾತ್ರ ದಿನಕ್ಕೊಂದು ಕೈಮುಗಿಯುವ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದಳು. ಸಂಜೆ ಐದೂವರೆಗೆ ವೇಳಾಪಟ್ಟಿಯ ಪ್ರಕಾರ ಕಟ್ಟೆಯ ಮೇಲೆ ಕೂತರೆ ಪಕ್ಕದಲ್ಲಿ ಬೈಯಲು ಯಾರೂ ಇಲ್ಲ. ನಿಜ ಹೇಳಬೇಕೆಂದರೆ ಹೆಂಡತಿಯ ನೆನಪಾಗಿ ಅವರಿಗೆ ಬಹಳ ಬೇಸರವಾಯಿತು. ಎರಡು ಸಲ ಫೋನ್ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು. ಟ್ರಯಲ್ ಎಂದರೆ ಟ್ರಯಲ್.

ಒಂಬತ್ತನೆಯ ದಿನ ಅವರಿಗೆ ವಾರದ ರಜೆ. ಇಸ್ತ್ರಿ ಅಂಗಿ ತೊಟ್ಟು, ಕೈಯಲ್ಲಿ ಕುಂದಾ ಪೊಟ್ಟಣ ಹಿಡಿದು, ದಿಗ್ವಿಜಯ ಮುಗಿಸಿದ ಮಹಾರಾಜರಂತೆ ಖಾನಾಪುರಕ್ಕೆ ಹೋದರು. ರೂಪಾಲಿಯ ಮನೆಯ ಅಂಗಳದಲ್ಲಿ ಹತ್ತು ಹನ್ನೆರಡು ಜನ ತಾಳ, ಮೃದಂಗ ಇಟ್ಟುಕೊಂಡು ಕೂತಿದ್ದರು. ಇವರನ್ನು ಕಂಡದ್ದೇ ಎಲ್ಲರೂ ಎದ್ದು ನಿಂತರು. ಲಕ್ಷ್ಮಣ ಓಡಿ ಬಂದು ಹೆಗಲಿಗೆ ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟ.

“ಎಲ್ಲಾ ನಿಮ್ಮಿಂದನ ಆತ್ರಿ, ಅಣ್ಣಾರ.”

“ಏನ್ ಮಹಾ ಬಿಡ್ರಿ,” ಎಂದರು ಮೈಲಾರಲಿಂಗಪ್ಪನವರು, ಏನು ಆಯಿತೆಂದು ಗೊತ್ತಿಲ್ಲದಿದ್ದರೂ.

ಪ್ರಮಿಳಾ ಮುಂದೆ ಬಂದಳು. “ಇಪ್ಪತ್ತು ವರ್ಷದಿಂದ ಮನಸಿತ್ರಿ, ಆಷಾಢ ಏಕಾದಶಿಗೆ ಭಜನಿ ಮಂದಿ ದಿಂಡಿಯೊಳಗ ಪಂಢರಪುರಕ್ಕ ನಡಕೋತ ಹೋಗಬೇಕಂತ. ನಿಮ್ಮ ಊಟದ್ದ ಒಂದು ಚಿಂತಿ ಇತ್ತು. ಈಗ ಅದೂ ಹರೀತು. ಈ ದಿಂಡಿಗೆ ಹೆಸರು ಹಚ್ಚೇನಿ. ಜೂನ್ ತಿಂಗಳದಾಗ ಹೊರಡೂದು.”

“ಎಷ್ಟ ದಿವಸ?”

“ಹೋಗಾಕ ಹದಿನೈದು, ಅಲ್ಲಿ ನಾಕು. ಬರೂಮುಂದ ಇನ್ನೂ ಎರಡ ಮೂರು ಕ್ಷೇತ್ರ ನೋಡೂದೈತಿ. ಒಂದು ತಿಂಗಳಾ ಅಂತ ಇಟಗೋರಿ.”

ನಿವೃತ್ತಿಯ ಮೊದಲ ತಿಂಗಳೇ ಕಟ್ಟೆಯ ಮೇಲೆ ಒಂಟಿ! ಮೈಲಾರಲಿಂಗಪ್ಪನವರು ವೇಳಾಪಟ್ಟಿಯ ಐದೂವರೆಯ ಕಲಮನ್ನು ನೆನೆದರು. ‘ಆ ರೊಟ್ಟಿ ನನ್ನವಲ್ಲ’ ಎಂಬ ಒಂದೇ ಮಾತು ಸಾಕಿತ್ತು, ಪ್ರಮಿಳಾ ಹೋಗುತ್ತಿರಲಿಲ್ಲ. ಆದರೆ ಎದುರಿಗೆ ಹನ್ನೆರಡು ಜನ, ಹೆಗಲ ಮೇಲೆ ಶಾಲು. ಅದಕ್ಕಿಂತ ಹೆಚ್ಚಾಗಿ ಪ್ರಮಿಳಾಳ ಮುಖ. ಮದುವೆಯ ಹೊಸತರಲ್ಲಿ ಮೊದಲ ಸಲ ಬಸ್ಸಿನ ಕಿಟಕಿ ಪಕ್ಕದ ಸೀಟು ಸಿಕ್ಕಾಗ ಆಕೆಯ ಮುಖ ಹೀಗೆ ಅರಳಿತ್ತು. ಇಪ್ಪತ್ತು ವರ್ಷ ಇವಳು ಇದನ್ನು ಬಾಯಿ ಬಿಟ್ಟು ಹೇಳಲೇ ಇಲ್ಲವಲ್ಲ ಎಂದು ಅವರಿಗೆ ನಾಚಿಕೆಯೂ ಆಯಿತು, ಇಷ್ಟು ದೂರ ನಡೆಯಲು ಹೊರಟಿದ್ದಾಳಲ್ಲ ಎಂದು ಹೆಮ್ಮೆಯೂ ಆಯಿತು. ಮಾತನ್ನು ನುಂಗಿಕೊಂಡರು.

“ಆರಾಮ ಹೋಗಿ ಬಾ. ಮನಿ ಚಿಂತಿ ಬಿಡು, ನಾ ಅದೇನಿ,” ಎಂದರು, ಎಲ್ಲರಿಗೂ ಕೇಳುವ ಹಾಗೆ.

ಜನ ಚಪ್ಪಾಳೆ ತಟ್ಟಿದರು. ಒಂದು ತಿಂಗಳೇನು, ಕಾಡವ್ವನ ಖಾನಾವಳಿ ಇರುವವರೆಗೆ ಒಂದು ವರ್ಷವೂ ತಳ್ಳಬಹುದು ಎಂದು ಅವರು ಒಳಗೊಳಗೇ ಧೈರ್ಯ ತಂದುಕೊಂಡರು. ಅಷ್ಟರಲ್ಲಿ ಲಕ್ಷ್ಮಣ ದಿಂಡಿಯ ಪಟ್ಟಿ ಓದಲು ಶುರು ಮಾಡಿದ್ದ.

“ರೂಪಾಲಿ, ಪ್ರಮಿಳಾ ಅಕ್ಕಾರು. ವಡಗಾವಿಯಿಂದ ಇನ್ನೊಬ್ಬಾಕಿ, ಕಾಡವ್ವ.”

“ಯಾವ ಕಾಡವ್ವ?” ಮೈಲಾರಲಿಂಗಪ್ಪನವರ ದನಿ ಸಣ್ಣಗಾಗಿತ್ತು.

“ನಮ್ಮ ಓಣಿ ಖಾನಾವಳಿ ಕಾಡವ್ವನ ರೀ,” ಎಂದಳು ಪ್ರಮಿಳಾ. “ಭಜನಿಯೊಳಗ ನನ್ನ ಬಾಜೂಕ ಕುಂದರತಾಳಲ್ಲ, ಆಕಿ. ಒಂದು ತಿಂಗಳಾ ಖಾನಾವಳಿಗೆ ಕೀಲಿ ಹಾಕತಾಳಂತ.”

ಸಂಜೆಯ ಬಸ್ಸಿನಲ್ಲಿ ಇಬ್ಬರೂ ಬೆಳಗಾವಿಗೆ ಮರಳಿದರು. ಕಂಡಕ್ಟರ್ ಪರಿಚಯದವನು, ಶಾಲು ನೋಡಿ “ಏನ್ರಿ ಸಾಹೇಬ್ರ, ಈಗನ ಸನ್ಮಾನ ಶುರು ಆತೇನ್ರಿ?” ಎಂದ. ಮೈಲಾರಲಿಂಗಪ್ಪನವರು ಎದೆ ಸೆಟೆಸಿ ತಲೆಯಾಡಿಸಿದರು. ಕಿಟಕಿಯ ಪಕ್ಕದ ಸೀಟನ್ನು ತಾವಾಗಿಯೇ ಹೆಂಡತಿಗೆ ಬಿಟ್ಟುಕೊಟ್ಟಿದ್ದರು. ಬಸ್ಸು ದೇಸೂರು ದಾಟಿತು. ಆಮೇಲೆ ಹಿಂದೆ ಮುಂದೆ ನೋಡಿ, ಆಕೆಯ ಕಡೆ ಬಾಗಿ, ಬಹಳ ಮೆಲ್ಲಗೆ ಕೇಳಿದರು.

“ಅಲ್ಲ ಪ್ರಮಿಳಾ, ರೊಟ್ಟಿ ಹಿಟ್ಟಿಗೆ ಹಾಕೂ ನೀರು ತಣ್ಣಂದೋ, ಕುದಿಯೂದೋ?”

ಪ್ರಮಿಳಾ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

“ಕುದಿಯೂ ನೀರ ರೀ. ನಾಳಿಂದ ನಾ ನಿಮಗ ಕಲಿಸ್ತೇನಿ. ಕಾಡವ್ವ ಹೋದ ವಾರನ ಫೋನ್ ಮಾಡಿ ಎಲ್ಲಾ ಹೇಳಿದ್ಲು. ನಿಮ್ಮ ತಾಟಿಗೆ ಇನ್ನ ನೀಡಬ್ಯಾಡ ಅಂದಿದ್ದೆ. ‘ಎಂಟು ದಿವಸರ ಉಣ್ಣಲಿ ಬಿಡ ಅಕ್ಕಾ, ಪಾಪ’ ಅಂದ್ಲು.”